ಸೋತವರು ಚಹಾ ಮಾಡಬೇಕು

ಆನ್‌ಲೈನ್‌ನಲ್ಲಿ ಆಡುತ್ತಿರುವವನು ಲಿಫ್ಟಣ್ಣ ಅಲ್ಲವೇ ಅಲ್ಲ. ಅವನ ಹೆಸರಲ್ಲಿ ಇನ್ಯಾರೋ ಕೂತಿದ್ದಾರೆ. ಐದನೆಯ ಗೋಲು ಬಿದ್ದಾಗ ಕನ್ನಡಕದಂಗಡಿಯವನಿಗೆ ಇದು ಖಾತ್ರಿಯಾಯಿತು. ಕಂಟ್ರೋಲರನ್ನು ಸೋಫಾದ ಮೇಲೆ ಎಸೆದು, ಟೀವಿಯಲ್ಲಿ ಕುಣಿಯುತ್ತಿದ್ದ ಎದುರಾಳಿ ತಂಡವನ್ನು ದುರುಗುಟ್ಟಿ ನೋಡಿದ.

ಲಿಫ್ಟ್ ರಿಪೇರಿ ಮಾಡುವ ಗೆಳೆಯನಿಗೆ ಲಿಫ್ಟಣ್ಣ ಎಂದು ಹೆಸರಿಟ್ಟವನು ಇವನೇ. ಎರಡು ವರ್ಷಗಳಿಂದ ಪ್ರತಿ ಭಾನುವಾರ ಸಂಜೆ ಇವನು, ಲಿಫ್ಟಣ್ಣ ಮತ್ತು ಬೇಕರಿಯ ಗುಂಡ ಇದೇ ಸೋಫಾದಲ್ಲಿ ಒತ್ತಿಕೊಂಡು ಕೂತು ಫುಟ್‌ಬಾಲ್ ಗೇಮ್ ಆಡುತ್ತಿದ್ದರು. ನಿಯಮ ಒಂದೇ. ಕಡೆಯ ಸ್ಥಾನ ಬಂದವನು ಎಲ್ಲರಿಗೂ ಚಹಾ ಮಾಡಬೇಕು. ಮಾಡುತ್ತಿದ್ದವನು ಹೆಚ್ಚು ಕಡಿಮೆ ಯಾವಾಗಲೂ ಲಿಫ್ಟಣ್ಣನೇ.

ಅಷ್ಟು ಕೆಟ್ಟ ಆಟಗಾರನನ್ನು ಹುಡುಕಿಕೊಂಡು ಹೋದರೂ ಸಿಗುವುದು ಕಷ್ಟ. ತನ್ನ ಗೋಲಿಗೆ ತಾನೇ ಹೊಡೆಯುತ್ತಿದ್ದ. ಪೆನಾಲ್ಟಿ ಸಿಕ್ಕರೆ ಚೆಂಡನ್ನು ಪ್ರೇಕ್ಷಕರಿಗೆ ದಾನ ಮಾಡುತ್ತಿದ್ದ. ಸ್ಪ್ಯಾನರ್ ಹಿಡಿದು ಹಿಡಿದು ಪಾಪ ಬೆರಳು ಮೊಂಡಾಗಿದೆ ಎಂದು ಗುಂಡ ಕನಿಕರಪಡುತ್ತಿದ್ದ. ಕೆಟ್ಟು ನಿಂತ ಲಿಫ್ಟನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಎಬ್ಬಿಸುವವನಿಗೆ ಮೂರು ಲೋಟ ಚಹಾ ಮಾಡಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಆದರೂ ಸೋತೆನೆಂದು ಒಂದು ದಿನವೂ ಮುಖ ಗಂಟಿಕ್ಕಿದವನಲ್ಲ. ಕನ್ನಡಕದಂಗಡಿಯವನಿಗೆ ಅವನಲ್ಲಿ ತುಂಬ ಹಿಡಿಸಿದ್ದು ಆ ಗುಣವೇ.

ಒಮ್ಮೆ ಮಾತ್ರ ಗೆದ್ದಿದ್ದ. ಕನ್ನಡಕದಂಗಡಿಯವನ ಅಕ್ಕ ತನ್ನ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದ ವಾರ ಅದು. ಮನೆಯಲ್ಲಿ ಹಾಲು ತಂದಿಡುವವರಿಲ್ಲದೆ, ಸೋತ ಗುಂಡ ಎಲ್ಲರಿಗೂ ಕಪ್ಪು ಚಹಾ ಕುಡಿಸಿದ್ದ. ಯಾವುದೋ ಅದೃಷ್ಟ ಎಂದು ನಕ್ಕು ಮರೆತರು.

ಹೀಗಿರುವಾಗ ಗುಂಡ ಬೇಕರಿಯ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡ. ಕಾಲು ಕೂಡಿಕೊಳ್ಳುವವರೆಗೆ ಅವರವರ ಮನೆಯಿಂದಲೇ ಆನ್‌ಲೈನ್‌ನಲ್ಲಿ ಆಡೋಣ ಎಂದ ಕನ್ನಡಕದಂಗಡಿಯವನು. ಲಿಫ್ಟಣ್ಣನ ಮುಖ ಇಳಿದುಹೋಯಿತು.

"ಬೇಡ ಕಣೋ. ಬೇಕಿದ್ರೆ ನಾನೇ ಗುಂಡನ್ನ ಹೊತ್ಕೊಂಡು ಬರ್ತೀನಿ."

ಗುಂಡನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕನ್ನಡಕದಂಗಡಿಯವನ ಮನೆ ಇರುವುದು ಮೂರನೇ ಮಹಡಿಯಲ್ಲಿ, ಕಟ್ಟಡಕ್ಕೆ ಲಿಫ್ಟ್ ಇಲ್ಲ.

ಗಣಿತದ ಟೀಚರಾದ ಅಕ್ಕನೂ ಅಪರೂಪಕ್ಕೆ ಬಾಯಿ ಹಾಕಿದಳು. ಇವರ ಗಲಾಟೆ ತಾಳಲಾರದೆ ಉತ್ತರಪತ್ರಿಕೆಗಳ ಕಟ್ಟು ಎತ್ತಿಕೊಂಡು ಒಳಗೆ ಹೋಗುತ್ತಿದ್ದವಳು ಅವಳು. "ಆನ್‌ಲೈನ್ ಗೀನ್‌ಲೈನ್ ಎಲ್ಲಾ ಏನೂ ಚೆನ್ನಾಗಿರಲ್ಲ. ಸ್ನೇಹಿತರು ಅಂದ್ಮೇಲೆ ಒಟ್ಟಿಗೆ ಕೂತು ಆಡ್ಬೇಕು," ಎಂದಳು. ತನ್ನ ಸ್ನೇಹದ ಬಗ್ಗೆ ಅಕ್ಕನಿಗೆ ಇಷ್ಟು ಕಾಳಜಿಯಿದೆಯೆಂದು ತಮ್ಮನಿಗೆ ಗೊತ್ತೇ ಇರಲಿಲ್ಲ.

ಆನ್‌ಲೈನ್ ಆಟ ಶುರುವಾದದ್ದೇ ತಡ, ಲಿಫ್ಟಣ್ಣ ಇಬ್ಬರನ್ನೂ ಹಣ್ಣುಗಾಯಿ ನೀರುಗಾಯಿ ಮಾಡತೊಡಗಿದ. ಪ್ರತಿ ವಾರವೂ ಇದೇ ಕತೆ. ವಿಚಿತ್ರವೆಂದರೆ ಗೆದ್ದ ಮೇಲೆ ಹೆಡ್‌ಫೋನಿನಲ್ಲಿ ಕೇಕೆ ಇಲ್ಲ, ಬರೀ ನಿಟ್ಟುಸಿರು.

"ಗೆದ್ದು ಏನ್ ಮಾಡೋದು ಬಿಡೋ," ಎನ್ನುತ್ತಿದ್ದ.

ಗೆದ್ದವನು ನಿಟ್ಟುಸಿರು ಬಿಡುತ್ತಾನೆಯೇ? ಬೇರೆಯವರು ಆಡಿ ಗೆಲ್ಲಿಸಿಕೊಟ್ಟರೆ ಬಿಡುತ್ತಾನೆ. ಕನ್ನಡಕದಂಗಡಿಯವನ ಲೆಕ್ಕ ಇಷ್ಟು ಸರಳವಾಗಿತ್ತು. ಸೋತದ್ದಕ್ಕಿಂತ, ಗೆಳೆಯ ಮೋಸ ಮಾಡಿದನಲ್ಲ ಎಂಬುದೇ ಅವನನ್ನು ಹೆಚ್ಚು ಕಾಡಿತು.

ಮುಂದಿನ ಭಾನುವಾರ ಲಿಫ್ಟಣ್ಣನನ್ನು ಮನೆಗೇ ಕರೆಸಿದ. ಗುಂಡ ವಿಡಿಯೋ ಕರೆಯಲ್ಲಿ, ಪ್ಲಾಸ್ಟರ್ ಹಾಕಿದ ಕಾಲನ್ನು ಮುಂದೆ ಚಾಚಿಕೊಂಡು, ಸಾಕ್ಷಿಯಾಗಿ ಕೂತ.

"ಒಂದೇ ಆಟ. ನನ್ನ ಪಕ್ಕ ಕೂತು ಗೆಲ್ಲು. ಸೋತ್ರೆ ಇಷ್ಟು ದಿನ ಆಡಿದ್ದು ನೀನಲ್ಲ ಅಂತ ಅರ್ಥ. ಆಮೇಲೆ ಈ ಮನೆ ಮೆಟ್ಟಿಲು ಹತ್ಬೇಡ."

"ಮೆಟ್ಟಿಲೇ ಹತ್ಬಾರ್ದಾ?"

"ಹತ್ಬಾರ್ದು."

ಲಿಫ್ಟಣ್ಣ ಹಣೆ ಒರೆಸಿಕೊಂಡ. ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಸೋಲುವುದು ಅವನಿಗೇ ಗೊತ್ತಿದೆ, ಚಹಾದ ಯೋಚನೆ ಆಗಲೇ ಬಂದಿದೆ, ಎಂದುಕೊಂಡ ಕನ್ನಡಕದಂಗಡಿಯವನು.

"ಗೆದ್ರೆ ಟೀ ಯಾರು ಮಾಡೋದು?"

"ನಾನೇ."

"ಅಯ್ಯೋ, ನಿಂಗ್ಯಾಕೆ ತೊಂದ್ರೆ? ಗೆದ್ರೂ ನಾನೇ ಮಾಡ್ತೀನಿ."

"ನಿಯಮ ಅಂದ್ರೆ ನಿಯಮ."

ಆಟ ಶುರುವಾಯಿತು. ಮೊಂಡು ಬೆರಳುಗಳು ಗುಂಡಿಗಳ ಮೇಲೆ ನೀರು ಕುಡಿದಷ್ಟು ಸುಲಭವಾಗಿ ಓಡಾಡಿದವು. ಚೆಂಡು ಒಮ್ಮೆಯೂ ಪ್ರೇಕ್ಷಕರ ಕಡೆ ಹೋಗಲಿಲ್ಲ. ಏಳು ಗೋಲು ಬಿದ್ದವು, ಏಳೂ ಕನ್ನಡಕದಂಗಡಿಯವನ ಬಲೆಗೆ. ಗುಂಡ ಫೋನಿನೊಳಗಿಂದ "ಅಯ್ಯಯ್ಯೋ" ಎನ್ನುವುದನ್ನು ಬಿಟ್ಟರೆ ಬೇರೇನೂ ಹೇಳಲಿಲ್ಲ.

ಕನ್ನಡಕದಂಗಡಿಯವನಿಗೆ ನಾಚಿಕೆಯೂ ಆಯಿತು, ಮನಸ್ಸು ಹಗುರವೂ ಆಯಿತು. ಗೆಳೆಯ ಕಳ್ಳನಲ್ಲ.

"ತಪ್ಪಾಯ್ತು ಕಣೋ. ಆದ್ರೆ ಮತ್ತೆ ಎರಡು ವರ್ಷ ಯಾಕೋ ಸೋತೆ?"

ಲಿಫ್ಟಣ್ಣ ತಲೆಯೆತ್ತಿ ಫ್ಯಾನನ್ನು ನೋಡಿದ. ಫ್ಯಾನ್ ಸರಿಯಾಗಿಯೇ ತಿರುಗುತ್ತಿತ್ತು.

"ಇರ್ಲಿ. ಕೂತ್ಕೋ, ಟೀ ತರ್ತೀನಿ," ಎಂದು ಕನ್ನಡಕದಂಗಡಿಯವನು ಎದ್ದ.

"ನೀನ್ ಕೂತ್ಕೋ, ನಾನ್ ಹೋಗ್ತೀನಿ!" ಲಿಫ್ಟಣ್ಣ ಅವನ ಅಂಗಿಯ ತುದಿ ಹಿಡಿದು ಜಗ್ಗಿದ.

ಇಷ್ಟು ಒಳ್ಳೆಯವನನ್ನು ಅನುಮಾನಿಸಿದೆನಲ್ಲ ಎಂದು ಮರುಗುತ್ತ, ಕನ್ನಡಕದಂಗಡಿಯವನು ಅಂಗಿ ಬಿಡಿಸಿಕೊಂಡು ಹೋಗಿ ಅಡುಗೆಮನೆಯ ಬಾಗಿಲು ತಳ್ಳಿದ. ಭಾನುವಾರ ಸಂಜೆ ಅವನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಒಲೆಯ ಮೇಲೆ ಚಹಾ ಆಗಲೇ ಕುದಿಯುತ್ತಿತ್ತು. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚದೆ ಬಿದ್ದಿತ್ತು, ಪಕ್ಕದಲ್ಲಿ ಎರಡು ಕುರ್ಚಿಗಳು. ಒಲೆಯ ಕಡೆ ಮುಖ ಮಾಡಿ ನಿಂತಿದ್ದ ಅಕ್ಕ ಹೆಜ್ಜೆಯ ಸದ್ದಿಗೆ ತಿರುಗಿಯೂ ನೋಡಲಿಲ್ಲ.

"ಒಂದು ಆಟ ಸೋಲೋಕೆ ಇಷ್ಟು ಹೊತ್ತು ಬೇಕಾ ನಿಂಗೆ? ಬಾಗಿಲು ಹಾಕ್ಕೊಂಡು ಬಾ, ತಮ್ಮ ನೋಡಿಬಿಟ್ಟಾನು."