ಗಂಟಲು ದಪ್ಪ ಮಾಡಿ

ಲಾಂಡ್ರಿಯ ದೊಡ್ಡಕ್ಕ ಮೂರನೇ ಸಲ "ನಿಲ್ಲು" ಅಂದಳು. ಬಾಯಿಮಾತಿಗೇ ನಿಲ್ಲುತ್ತದೆಂದು ಹೊಗಳಿಸಿಕೊಂಡು ಬಂದಿದ್ದ ಹೊಸ ಇಸ್ತ್ರಿ ಯಂತ್ರ ಕಿವಿಗೇ ಹಾಕಿಕೊಳ್ಳದೆ, ಎರಡು ಬಿಸಿ ರೋಲರುಗಳ ನಡುವೆ ಚಾದರ ಎಳೆದುಕೊಳ್ಳುತ್ತಲೇ ಇತ್ತು.

"ಗಂಟಲು ಸ್ವಲ್ಪ ದಪ್ಪ ಮಾಡಿ ಹೇಳಿ ಮೇಡಂ, ಗಂಡಸರ ಹಾಗೆ," ಅಂದ ಅದನ್ನು ತಂದಿದ್ದ ಎಂಜಿನಿಯರು. ತಾನೇ ಒಮ್ಮೆ "ನಿಲ್ಲು" ಅಂದು ತೋರಿಸಿದ. ಯಂತ್ರ ತೆಪ್ಪಗೆ ನಿಂತಿತು.

ಅಲ್ಲಿ ದುಡಿಯುವ ಹದಿನಾಲ್ಕು ಜನವೂ ಹೆಂಗಸರು. "ಕೈ ಸಿಕ್ಕಿಕೊಂಡಾಗಲೂ ದಪ್ಪ ಮಾಡಬೇಕಾ? ಯಾರ ದನಿ ಕೇಳಿಸಿ ಕಲಿಸಿದ್ರಿ ಇದಕ್ಕೆ?" ಅಂದಳು ದೊಡ್ಡಕ್ಕ.

"ನಮ್ಮ ಆಫೀಸಿನವರದೇ. ಎಲ್ಲ ಅನುಭವಸ್ಥರು."

"ಇಸ್ತ್ರಿ ಕೆಲಸದಲ್ಲಿ ಅನುಭವಾನಾ?"

ಅವನು ನಕ್ಕ. ಮಕ್ಕಳ ಮಾತಿಗೆ ನಗುವ ಹಾಗೆ.

ದೊಡ್ಡಕ್ಕ ಯಂತ್ರ ಮತ್ತೆ ಚಾಲೂ ಮಾಡಿದಳು. ಕುರ್ಚಿಯ ಮೇಲಿದ್ದ ಅವನ ಕೋಟು ತೆಗೆದು, ಒಂದು ತೋಳನ್ನು ರೋಲರುಗಳ ಬಾಯಿಗೆ ಕೊಟ್ಟಳು.

"ನಿಲ್ಲು, ನಿಲ್ಲು, ಒಳಗೆ ಫೋನಿದೆ ನಿಲ್ಲು!" ಗಾಬರಿಗೆ ಎಂಜಿನಿಯರನ ದನಿ ಕೀರಲಾಗಿ ಮೇಲೇರಿತು. ಯಂತ್ರ ಅವನ ಗುರುತೇ ಇಲ್ಲದ ಹಾಗೆ ಕೋಟನ್ನು ಭುಜದವರೆಗೂ ನುಂಗಿತು.

ದೊಡ್ಡಕ್ಕ ಆರು ಹೆಜ್ಜೆ ಆಚೆಯ ಗೋಡೆಗೆ ನಿಧಾನವಾಗಿ ನಡೆದು ಹೋಗಿ ಮೇನ್ ಸ್ವಿಚ್ ಆರಿಸಿದಳು.

"ಗಂಟಲು ಸ್ವಲ್ಪ ದಪ್ಪ ಮಾಡಬೇಕಿತ್ತು ಸರ್," ಅಂದಳು.