ದುಂಡು ಪಿನ್ನಿನ ದಾನ

ರಿಪೇರಿಯವನು ಕೀಬೋರ್ಡನ್ನು ಬೋರಲು ಹಾಕಿ ಕುಟ್ಟಿದ್ದೇ ತಡ, ಮೇಜಿನ ಬಿಳಿ ಹಾಸಿನ ಮೇಲೆ ಕಚ್ಚಿ ತುಂಡರಿಸಿದ ಉಗುರುಗಳು ಉದುರಿದವು. ಜೊತೆಗೆ ಕೂದಲು, ಬಿಸ್ಕತ್ತಿನ ಪುಡಿ, ಒಂದು ಸತ್ತ ಜಿರಳೆ.

ಶಾಲೆಯ ಅಂಗೈಯಗಲದ ಅಗ್ಗದ ಕಂಪ್ಯೂಟರುಗಳಿಗೆ ಹಳೇ ಟೀವಿಗಳನ್ನೇ ಪರದೆ ಮಾಡಿ ಅವನು ಹೊಂದಿಸಿಟ್ಟಿದ್ದ. ಕೀಬೋರ್ಡುಗಳಷ್ಟೇ ಬಾಕಿ. ಕಾರ್ಖಾನೆಯ ಧಣಿ ತನ್ನ ಆಫೀಸಿನಲ್ಲಿ ಮೂಲೆಗೆ ಬಿದ್ದವನ್ನೆಲ್ಲ ದಾನವೆಂದು ರಿಬ್ಬನ್ ಕಟ್ಟಿಸಿ, ಕ್ಯಾಮೆರಾದವನ ಸಮೇತ ತಂದು ಸುರಿದಿದ್ದ. ಎಲ್ಲದಕ್ಕೂ ದುಂಡು ಪಿನ್ನು; ಈ ಕಂಪ್ಯೂಟರಿಗೆ ಬೇಕಾದದ್ದು ಚಪ್ಪಟೆಯದು.

"ಇದು ಕೂರಲ್ಲ ಸಾರ್."

"ಸ್ವಲ್ಪ ಒತ್ತಿ ನೋಡಪ್ಪ. ಈ ಮಕ್ಕಳಿಗೆ ಇದೇ ಜಾಸ್ತಿ. ಮೊದ್ಲು ಫೋಟೋ ತೆಗೀರಿ" ಎಂದ ಧಣಿ, ಹೆಬ್ಬೆರಳನ್ನು ಬಾಯಿಗಿಟ್ಟು ಉಗುರು ಕಚ್ಚಿ, ಥೂ ಎಂದು ಪಕ್ಕಕ್ಕೆ ಉಗಿದ.

ರಿಪೇರಿಯವನು ಆ ಬೆರಳನ್ನು ನೋಡಿದ, ಮೇಜನ್ನು ನೋಡಿದ. ನಾಲಿಗೆಯ ತುದಿಗೆ ಬಂದ ಬೈಗುಳವನ್ನು ನುಂಗಿಕೊಂಡು ಅಕ್ಕನ ಕಡೆ ತಿರುಗಿದ. ಈ ಶಾಲೆಯ ಹೆಡ್‌ಮಿಸ್ ಅವಳೇ. "ಸೋರೋ ಚಾವಣಿ ರಿಪೇರಿ ಮಾಡಿಸ್ತೀನಿ ಅಂದಿದ್ದಾರೆ ಕಣೋ. ನಿನ್ನ ದಮ್ಮಯ್ಯ, ಬಾಯಿ ಮುಚ್ಕೊಂಡಿರು" ಎಂದು ಬೆಳಗಿನಿಂದ ಅವನ ಪ್ರಾಣ ತಿಂದಿದ್ದಳು. ಈಗಲೂ ಕರ್ಚೀಫು ತೆಗೆದು ಆ ಕೊಳಕನ್ನೆಲ್ಲ ಒರೆಸಿ, ಹಲ್ಲು ಬಿಟ್ಟು ಫೋಟೋಗೆ ನಿಲ್ಲುತ್ತಾಳೆ ಎಂದುಕೊಂಡ.

ಅಕ್ಕ ಹಾಸಿನ ನಾಲ್ಕೂ ಮೂಲೆ ಹಿಡಿದೆತ್ತಿ, ಗಂಟು ಬಿಗಿದು, ಕ್ಯಾಮೆರಾದ ಎದುರೇ ಅದನ್ನು ಧಣಿಯ ಕೈಗಿಟ್ಟಳು.

"ನಿಮ್ಮದು ಸಾರ್, ಮರೆತು ಬಂದುಬಿಟ್ಟಿದೆ. ನಮ್ಮ ಮಕ್ಕಳಿಗೆ ಅವರವರ ಉಗುರೇ ಸಾಕು."