ಟಾಕಾ ಅಂದವನು

ಕೂಲಿ ಕೇಳುವಾಗ ರಫೀಕುಲ್ ಬಾಯಿತಪ್ಪಿ ‘ಟಾಕಾ’ ಅಂದಿದ್ದ. ಮೇಸ್ತ್ರಿ ಕೂಲಿ ಕೊಡಲಿಲ್ಲ, ಠಾಣೆಗೆ ಫೋನು ಮಾಡಿದ. ಕೂಲಿಯವರ ಮಕ್ಕಳಿಗೆ ಪಾಠ ಹೇಳುವ ಜಯಶೀಲಾ ಟೀಚರ್ ಓಡಿಬಂದಾಗ ಅವನು ಠಾಣೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ.

“ಸಾರ್, ಇವನು ಪಶ್ಚಿಮ ಬಂಗಾಳದ ಮುರ್ಷಿದಾಬಾದಿನೋನು. ನಮ್ಮ ದೇಶದೋನೇ.”

“ಬಾಂಗ್ಲಾದೇಶದ ದುಡ್ಡಿಗೆ ಏನಂತಾರಮ್ಮಾ?” ಸಬ್ ಇನ್‌ಸ್ಪೆಕ್ಟರ್ ಕೇಳಿದ.

“ಟಾಕಾ.”

“ಇವನು ಕೇಳಿದ್ದೇನು?”

“ಟಾಕಾನೇ ಸಾರ್. ಬಂಗಾಳಿ ಮಾತಾಡೋರೆಲ್ಲ ನಮ್ಮ ರೂಪಾಯಿಗೂ ಹಂಗೇ ಅಂತಾರೆ. ಒಡಿಶಾದೋರು ಟಂಕಾ ಅಂತಾರೆ. ನಮ್ಮಲ್ಲೂ ನಾಣ್ಯ ಅಚ್ಚು ಹಾಕೋ ಜಾಗ ಟಂಕಸಾಲೆ ಅಲ್ವಾ? ಎಲ್ಲದಕ್ಕೂ ಒಂದೇ ಬೇರು.”

“ಬೇರು, ಕಾಂಡ ಎಲ್ಲ ನಿಮ್ಮ ಕ್ಲಾಸಲ್ಲಿ ಹೇಳ್ಕೊಡಿ. ಸಂಜೆ ರೈಲು ಹತ್ತಿಸಿ ಇವನನ್ನ ಗಡಿ ದಾಟಿಸ್ತೀವಿ.”

“ಅವನ ಹತ್ರ ಆಧಾರ್ ಇದೆ!”

“ಸಂತೇಲಿ ಸೊಪ್ಪಿನ ಜೊತೆ ಅದೂ ಸಿಗುತ್ತೆ ಬಿಡಿ.”

ಟೀಚರಿಗೆ ಏನೋ ಹೊಳೆಯಿತು. ರಫೀಕುಲನ ಜೇಬಿನಲ್ಲಿದ್ದ ನೂರರ ನೋಟನ್ನು ಈಸಿಕೊಂಡು ಹಿಂದುಮುಂದು ಮಾಡಿದರು. ಒಂದರ ಕೆಳಗೊಂದು ಅಚ್ಚಾಗಿದ್ದ ಭಾಷೆಗಳಲ್ಲಿ ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು.

“ಇಲ್ನೋಡಿ ಸಾರ್, ಬಂಗಾಳಿ ಅಕ್ಷರ. ‘ಏಕ್‌ಶೊ ಟಾಕಾ’ ಅಂತ ಬರೆದಿದೆ. ನಮ್ಮ ಸರ್ಕಾರಾನೇ ಅಚ್ಚು ಹಾಕಿರೋದು.”

ರಫೀಕುಲ್ ಮೊದಲ ಸಲ ತಲೆಯೆತ್ತಿದ.

ಸಬ್ ಇನ್‌ಸ್ಪೆಕ್ಟರ್ ನೋಟನ್ನು ಬೆಳಕಿಗೆ ಹಿಡಿದು, ಆ ಸಾಲನ್ನು ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಅದನ್ನು ಪಕ್ಕದಲ್ಲಿದ್ದ ರೈಟರಿಗೆ ದಾಟಿಸಿದ.

“ಬಾಂಗ್ಲಾ ಬರಹ ಇರೋ ಕಳ್ಳನೋಟೂ ಸಿಕ್ತು ಕಣ್ರೀ, ಆ ಕೇಸೂ ಬರ್ಕೊಳ್ಳಿ.”